ಸುಮಾರಿನಲ್ಲಿ ಫಸ್ಟ್

ಬಾಗಿಲಿಗೆ ಬೀಗ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಹಾಕಿದ್ದು ಹೌದೋ ಅಲ್ಲವೋ ಎಂದು ನೋಡಲು ಮತ್ತೆ ಮನೆಗೆ ಬರುವ ಪೈಕಿ ನಾನು. ಗ್ಯಾಸ್ ಬಂದ್ ಮಾಡಿದ್ದಕ್ಕೆ ಸಾಕ್ಷಿ ಇರಲಿ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತೇನೆ. ಬಸ್ಸಿನಲ್ಲಿ ಕೂತ ಮೇಲೆ, ಅದು ನಿನ್ನೆಯ ಫೋಟೋ ಆಗಿದ್ದರೆ ಎಂದು ಹೊಸ ಚಿಂತೆ ಸುರುವಾಗುತ್ತದೆ. ಇಂಥವಳು ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳಿಗೆ ಧೈರ್ಯ ತುಂಬುವ ಶಿಬಿರ ನಡೆಸುತ್ತೇನೆ ಎಂದರೆ ನಮ್ಮ ಮನೆಯವರಿಗೇ ನಗು. ಧೈರ್ಯ ಎಂದರೆ ಎಲ್ಲ ಬಗೆಯದ್ದೂ ಅಲ್ಲ, ಗಣಿತದ್ದು ಮಾತ್ರ. ಹಾವು, ಆನೆ, ಅತ್ತೆ ಇವೆಲ್ಲ ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ.

ಪುತ್ತೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವುದು ನನ್ನ ಕೆಲಸ. ಶಿಬಿರ ಒಮ್ಮೆ ಪುತ್ತೂರಿನಲ್ಲೇ ಆಯಿತು, ಒಮ್ಮೆ ಕಡಬದಲ್ಲಿ. ಕಳೆದ ಬೇಸಿಗೆಯದ್ದು ಅರಂತೋಡಿನಲ್ಲಿ, ರಸ್ತೆ ಬದಿಯ ಒಂದು ಶಾಲೆಯ ಉದ್ದನೆಯ ಹಾಲಿನಲ್ಲಿ. ಬಂದವರೆಲ್ಲ ಹತ್ತನೆಯ ಪರೀಕ್ಷೆ ಬರೆದು ಪಿಯುಸಿ ಸೇರಲು ಕಾಯುತ್ತಿದ್ದ ಹುಡುಗಿಯರು. ಆ ವಯಸ್ಸಿನವರೇ ಏಕೆ ಎಂದರೆ, ನಮ್ಮ ಕಡೆ ಹುಡುಗಿಯರು ಗಣಿತಕ್ಕೆ ಕಡೆಯ ನಮಸ್ಕಾರ ಹಾಕುವುದು ಆ ರಜೆಯಲ್ಲೇ. ಹಾಕುವುದು ಎನ್ನುವುದಕ್ಕಿಂತ, ಮನೆಯವರು ಅವರ ಕೈಯಿಂದ ಹಾಕಿಸುವುದು.

ಶಾಲೆಯ ಹಾಲು, ಬೆಂಚು, ಮಧ್ಯಾಹ್ನದ ಗಂಜಿ-ಚಟ್ನಿ ಎಲ್ಲ ನೋಡಿಕೊಂಡವರು ಅರಂತೋಡಿನವರೇ ಆದ ಒಬ್ಬ ನಿವೃತ್ತ ಟೀಚರು. ಅರೆಭಾಷೆ ಮಾತಾಡುವ ಕೃಷಿಕರ ಮನೆಯವರು, ಎಲ್ಲರಿಗೂ ಅಕ್ಕ. ಮಳೆ ಬಂದರೆ ಎಂತ ಮಾಡುವುದು, ಕರೆಂಟು ಹೋದರೆ ಎಂತ ಮಾಡುವುದು, ಕೊಲ್ಲಮೊಗ್ರಿನಿಂದ ಬರುವ ಮಕ್ಕಳಿಗೆ ಬಸ್ಸು ತಪ್ಪಿದರೆ ಎಂತ ಮಾಡುವುದು ಎಂದು ನಾನು ಕೇಳಿದಾಗಲೆಲ್ಲ ಅಕ್ಕನ ಉತ್ತರ ಒಂದೇ: "ಬಂದಾಗ ನೋಡುವ ಮಾರಾಯ್ತಿ." ಹೀಗೆ ಕೆಲಸವೆಲ್ಲ ಅವರ ಪಾಲಿಗೂ ಚಿಂತೆಯೆಲ್ಲ ನನ್ನ ಪಾಲಿಗೂ ಆಗಿ ಶಿಬಿರ ಸುಸೂತ್ರ ನಡೆಯುತ್ತಿತ್ತು.

ಉದ್ಘಾಟನೆಗೆ ಒಬ್ಬರು ಗಣ್ಯರು ಬೇಕಲ್ಲ. ಗಣ್ಯರೆಂದರೆ ನನಗೆ ಅನುಭವದಿಂದ ಬಂದ ಭಯ. ದೀಪ ಹಚ್ಚಿ ಮೈಕು ಹಿಡಿದ ಕೂಡಲೇ ಅವರು, ಶಾಲೆಯಲ್ಲಿ ತಮಗೆ ಗಣಿತವೆಂದರೆ ಎಷ್ಟು ಕಷ್ಟವಾಗಿತ್ತು ಎಂದು ಹೇಳಲು ಸುರು ಮಾಡುತ್ತಾರೆ. ಕನ್ನಡದಲ್ಲಿ ಫೇಲಾದವರು ಯಾರೂ ಅದನ್ನು ಮೈಕಿನಲ್ಲಿ ಹೇಳುವುದಿಲ್ಲ. ಗಣಿತದಲ್ಲಿ ಫೇಲಾದವರು ಮಾತ್ರ ಅದನ್ನು ಸನ್ಮಾನದ ಶಾಲಿನ ಹಾಗೆ ಹೊದ್ದುಕೊಂಡೇ ಬರುತ್ತಾರೆ. ಈ ಸಲದವರೂ ಹಾಗೆಯೇ. ಲೆಕ್ಕ ಬಾರದೆಯೂ ನಾನು ಎಲ್ಲಿಗೆ ಬಂದೆ ನೋಡಿ ಮಕ್ಕಳೇ, ಎಂದರು. "ಎಲ್ಲಿಗೆ ಬಂದದ್ದು, ಅರಂತೋಡಿಗೆ," ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದರು. ನಾನು ನಗು ತಡೆಯಲು ಕೆಮ್ಮಿದೆ. ಆಮೇಲೆ, ಅದು ಗಣ್ಯರಿಗೆ ಗೊತ್ತಾಯಿತೋ ಏನೋ ಎಂದು ಸಂಜೆಯವರೆಗೆ ಕೊರಗಿದೆ.

ಗಣ್ಯರು ಹೋದ ಮೇಲೆ ಹುಡುಗಿಯರನ್ನು ಒಬ್ಬೊಬ್ಬರಾಗಿ ಕೇಳಿದೆ, ಲೆಕ್ಕದಲ್ಲಿ ನೀವು ಹೇಗೆ ಎಂದು. ಮೊದಲನೆಯವಳು, "ಸುಮಾರು ಟೀಚರ್," ಎಂದಳು. ಎರಡನೆಯವಳೂ ಸುಮಾರು. ಆಮೇಲೆ ಬೆಂಚಿನಿಂದ ಬೆಂಚಿಗೆ ಅದೇ ಪದ ಪ್ರಸಾದದ ತಟ್ಟೆಯಂತೆ ದಾಟುತ್ತಾ ಹೋಯಿತು. ನಮ್ಮಲ್ಲಿ ಆ ಪದದ ಅರ್ಥ ಯಾರಿಗೆ ಗೊತ್ತಿಲ್ಲ? ಮದುವೆ ಊಟ ಹೇಗಿತ್ತು ಎಂದರೆ ಸುಮಾರು. ನೋಡಲು ಬಂದ ಹುಡುಗ ಹೇಗೆ ಎಂದರೆ ಸುಮಾರು. ಅಷ್ಟು ಹೇಳಿದರೆ ಸಾಂಬಾರಿಗೆ ಉಪ್ಪಿರಲಿಲ್ಲ, ಹುಡುಗ ಬೇಡ ಎಂದು ಎಲ್ಲರಿಗೂ ತಿಳಿಯುತ್ತದೆ. ನಿಮ್ಮನ್ನು ಸುಮಾರು ಎಂದವರು ಯಾರು ಎಂದು ಕೇಳಿದೆ. ಮನೆಯಲ್ಲಿ ಹೇಳುವುದು, ಶಾಲೆಯಲ್ಲಿ ಹೇಳುವುದು, ನೆರೆಮನೆಯ ಆಂಟಿ ಹೇಳುವುದು ಎಂದು ಉತ್ತರಗಳು ಬಂದವು.

ನಾನು ಪಾಠಕ್ಕೆಂದು ಮಾಡಿಕೊಂಡಿದ್ದ ತಯಾರಿಯನ್ನೆಲ್ಲ ಬದಿಗಿಟ್ಟು, ಬೋರ್ಡಿನಲ್ಲಿ ಆ ಪದವನ್ನೇ ದೊಡ್ಡದಾಗಿ ಬರೆದೆ. ಇದಕ್ಕೆ ಇನ್ನೊಂದು ಅರ್ಥವೂ ಉಂಟಲ್ಲ, ಲೆಕ್ಕ ಮಾಡುವ ಮೊದಲು ಕಣ್ಣಂದಾಜಿನಲ್ಲಿ ಹೇಳುವುದಕ್ಕೂ ನಾವು ಸುಮಾರು ಎಂದೇ ಹೇಳುತ್ತೇವಲ್ಲ, ಇನ್ನು ಮೇಲೆ ಈ ಹಾಲಿನಲ್ಲಿ ಆ ಅರ್ಥ ಮಾತ್ರ, ಎಂದು ಘೋಷಿಸಿದೆ. ಆಟದ ಹೆಸರೂ ಅದೇ. ಮಾಡಿನ ಹಂಚು ಎಷ್ಟು, ಗಂಜಿಯ ಪಾತ್ರೆಯಲ್ಲಿ ಎಷ್ಟು ಸೌಟು, ಮೈದಾನಕ್ಕೆ ಒಂದು ಸುತ್ತು ಹಾಕಿದರೆ ಎಷ್ಟು ಹೆಜ್ಜೆ? ಕಾಗದ ಪೆನ್ನು ಮುಟ್ಟಬಾರದು. ಒಂದು ಅಂದಾಜು ಹೇಳಬೇಕು, ಅದು ಹೇಗೆ ಬಂತು ಎಂದೂ ಹೇಳಬೇಕು. ಸರಿ ತಪ್ಪು ಎಂಬುದಿಲ್ಲ. ಹತ್ತಿರ, ದೂರ ಅಷ್ಟೇ. ತಪ್ಪು ಎಂಬ ಪದ ಹಾಲಿನಿಂದ ಹೊರಗೆ ಹೋದದ್ದೇ ತಡ, ಹುಡುಗಿಯರ ಬಾಯಿ ಬಿಟ್ಟಿತು. ಎಷ್ಟು ಬಿಟ್ಟಿತೆಂದರೆ ಮುಚ್ಚಿಸುವುದು ಹೇಗೆ ಎಂಬುದೇ ನನಗೊಂದು ಹೊಸ ಚಿಂತೆಯಾಯಿತು.

ಕಿಟಕಿ ಪಕ್ಕದ ಬೆಂಚಿನಲ್ಲಿ ಕಲ್ಲುಗುಂಡಿಯಿಂದ ಬರುವ ಒಬ್ಬಳು ಕೂರುತ್ತಿದ್ದಳು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯ ಹುಡುಗಿ. ಉದ್ದಕ್ಕಿದ್ದಳು, ಮಾತು ಗಿಡ್ಡ. ಮೊದಲೆರಡು ದಿನ ಅವಳ ಬಾಯಿಂದ ನಾನು ಕೇಳಿದ್ದು ಆ "ಸುಮಾರು ಟೀಚರ್" ಮಾತ್ರ. ಮೂರನೆಯ ದಿನ ಅಕ್ಕ ಮನೆಯಿಂದ ದೊಡ್ಡದೊಂದು ಹಲಸಿನ ಹಣ್ಣು ತಂದರು. ಕೊಯ್ದು ಕಡಿ ಮಾಡಿ ಮಧ್ಯದಲ್ಲಿಟ್ಟು, ಇದರಲ್ಲಿ ಎಷ್ಟು ಸೊಳೆ ಇರಬಹುದು ಎಂದು ಕೇಳಿದೆವು. ಐವತ್ತು ಎಂದರು, ಐನೂರು ಎಂದರು, ಟೀಚರ್, ತಿಂದು ನೋಡಿ ಹೇಳ್ತೇವೆ ಎಂದರು. ಇವಳು ಎದ್ದು ಬಂದು, ಬಗ್ಗಿ, ಒಂದು ಕಡಿಯನ್ನು ಮಾತ್ರ ಸ್ವಲ್ಪ ಹೊತ್ತು ನೋಡಿದಳು.

"ಸುಮಾರು ನೂರಾ ಇಪ್ಪತ್ತು," ಎಂದಳು. "ಒಂದು ಕಡಿಯಲ್ಲಿ ಎಷ್ಟು ನೋಡುದು, ಅಂಥದ್ದು ಎಷ್ಟು ಕಡಿ ಆಗ್ತದೆ ನೋಡುದು. ಮತ್ತೆ ತೊಟ್ಟಿನ ಹತ್ತಿರ ಸಪುರ ಅಲ್ವಾ, ಅಲ್ಲಿ ಸ್ವಲ್ಪ ಕಮ್ಮಿ ಮಾಡುದು."

ಎಣಿಸುತ್ತಾ ತಿಂದೆವು, ತಿಂದದ್ದರಿಂದ ಎಣಿಕೆ ಒಂದೆರಡು ಸಲ ತಪ್ಪಿತು. ಆದರೂ ಅವಳಷ್ಟು ಹತ್ತಿರ ಯಾರೂ ಬಂದಿರಲಿಲ್ಲ. ಇದನ್ನೆಲ್ಲ ಎಲ್ಲಿ ಕಲಿತದ್ದು ಎಂದು ಕೇಳಿದೆ. ಬಸ್ಸಿನಲ್ಲಂತೆ. ಕಲ್ಲುಗುಂಡಿಗೆ ಬರುವಾಗ ಬಸ್ಸು ತುಂಬಿಯೇ ಇರುತ್ತದೆ, ಯಾರು ಎಲ್ಲಿ ಇಳಿಯಬಹುದು ಎಂದು ಅವರ ಚೀಲ, ಚಪ್ಪಲಿ, ನಿದ್ದೆ ನೋಡಿ ಅಂದಾಜು ಮಾಡಿ ಆ ಸೀಟಿನ ಹತ್ತಿರ ಹೋಗಿ ನಿಲ್ಲುವುದು ಅವಳ ಕ್ರಮ. ಇಷ್ಟು ವರ್ಷ ನಾನು ಸಂಭವನೀಯತೆಯನ್ನು ದಾಳ ಎಸೆದು ಕಲಿಸುತ್ತಿದ್ದೆ. ನಮ್ಮ ರಸ್ತೆಯಲ್ಲಿ ಬಸ್ಸಿನ ಸೀಟಿಗಿಂತ ಒಳ್ಳೆಯ ಉದಾಹರಣೆ ಇರಲಿಲ್ಲ.

ಅಷ್ಟರಲ್ಲಿ ಹತ್ತನೆಯ ಫಲಿತಾಂಶ ಬಂತು. ಗಣಿತದಲ್ಲಿ ಅವಳ ಅಂಕ ಪಾಸಿಗಿಂತ ಮೇಲೆ, ಹೇಳಿಕೊಳ್ಳುವುದಕ್ಕಿಂತ ಕೆಳಗೆ. ಮಾರನೆಯ ದಿನ ಊಟವಾಗಿ ತಟ್ಟೆ ತೊಳೆಯುವಾಗ ನಳ್ಳಿಯ ಹತ್ತಿರ ನನಗಾಗಿ ಕಾಯುತ್ತಿದ್ದಳು.

"ಟೀಚರ್, ನಂಗೆ ಸಯನ್ಸ್ ತಕೊಳ್ಬೇಕು. ಲೆಕ್ಕ ಇರುದು."

ತಕೊಳ್ಳಬಹುದಲ್ಲ, ಎಂದೆ. ಅದು ಅಷ್ಟು ಸುಲಭವಿರಲಿಲ್ಲ. ಅಪ್ಪ, ಅವಳ ಮಾತಿನಲ್ಲಿ ಉಪ್ಪ, ಗಲ್ಫಿನಲ್ಲಿ. ಇಲ್ಲಿಯದ್ದೆಲ್ಲ ನೋಡಿಕೊಳ್ಳುವುದು ಉಮ್ಮನ ಅಣ್ಣ, ಪೈಂಟ್ ಅಂಗಡಿಯ ಮಾಮ. ಲೆಕ್ಕದಲ್ಲಿ ಇವಳು ಸುಮಾರು, ಆರ್ಟ್ಸಿಗೆ ಸೇರಿಸುವ ಎಂದು ಮಾಮ ಹೇಳಿದ್ದರು. ಇವಳು ಊಟ ಬಿಟ್ಟು ಕೂತ ಮೇಲೆ ಒಂದು ಮಾತಿಗೆ ಬಂದಿದ್ದರು: ಶಿಬಿರದ ಕೊನೆಯ ದಿನ ತಾನೇ ಬರುತ್ತೇನೆ, ಟೀಚರ್ ಏನು ಹೇಳುತ್ತಾರೋ ಹಾಗೆ.

"ನೀವು ಹೇಳಿದ್ರೆ ಆಯ್ತು ಟೀಚರ್," ಎಂದು ತಟ್ಟೆ ಹಿಡಿದುಕೊಂಡು ಹೋದಳು.

ನನಗೆ ಅಷ್ಟು ಸಾಕು. ಬೀಗ, ಗ್ಯಾಸು ಎಲ್ಲ ಮರೆತುಹೋಗಿ ಈ ಒಂದೇ ಚಿಂತೆ ತಲೆಯಲ್ಲಿ ಕೂತಿತು. ಪುತ್ತೂರಿನಿಂದ ಬರುವಾಗ ಬಸ್ಸಿನಲ್ಲಿ ಮಾಮನಿಗೆ ಹೇಳಬೇಕಾದ ವಾಕ್ಯವನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದೆ. ಕಂಡಕ್ಟರು ಎರಡು ಸಲ, ಎಂತ ಮೇಡಂ, ಟಿಕೆಟಾ, ಎಂದು ಕೇಳಿದರು.

ಕೊನೆಯ ದಿನ ಹಾಲು ತುಂಬಿತ್ತು. ತಾಯಂದಿರು ಮುಂದೆ, ಗಂಡಸರು ಹಿಂದಿನ ಗೋಡೆಗೆ ಒರಗಿ. ಮಾಮ ಅಲ್ಲೇ ಇದ್ದರು, ಬಿಳಿ ಅಂಗಿಯ ತೋಳಿನಲ್ಲಿ ಹಸಿರು ಪೈಂಟಿನ ಒಂದು ಚುಕ್ಕೆ. ಮೊಬೈಲನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದರು. ಆ ಕಡೆ ವಿಡಿಯೋದಲ್ಲಿ ಹುಡುಗಿಯ ಉಪ್ಪ. ನಾನು ಹುಡುಗಿಯನ್ನು ಪಕ್ಕಕ್ಕೆ ಕರೆದು ಮೈಕು ಹಿಡಿದೆ. ಬಸ್ಸಿನಲ್ಲಿ ಕಲಿತ ವಾಕ್ಯ ಬಸ್ಸಿನಲ್ಲೇ ಉಳಿದಿತ್ತು. ಬಾಯಿಗೆ ಬಂದದ್ದು ಶಿಬಿರದ ಭಾಷೆ.

"ಈ ಹುಡುಗಿ ಸುಮಾರಿನಲ್ಲಿ ಎಲ್ಲರಿಗಿಂತ ಮುಂದೆ," ಎಂದೆ. "ಇಷ್ಟು ವರ್ಷದಲ್ಲಿ ಇಂಥ ಸುಮಾರನ್ನು ನಾನು ಕಂಡಿಲ್ಲ."

ಹುಡುಗಿಯರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು. ದೊಡ್ಡವರು ಒಬ್ಬರೂ ಹೊಡೆಯಲಿಲ್ಲ. ಮುಂದಿನ ಸಾಲಿನ ತಾಯಿಯೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡು ಪಾಪ ಎನ್ನುವ ಮುಖ ಮಾಡಿದರು. ಹಿಂದಿನ ಗೋಡೆಯ ಹತ್ತಿರ ಮಾಮ ಮೊಬೈಲಿಗೆ ಬ್ಯಾರಿ ಭಾಷೆಯಲ್ಲಿ ಏನೋ ಸಣ್ಣಗೆ ಹೇಳುತ್ತಿದ್ದರು. ನನಗೆ ಬ್ಯಾರಿ ಅಷ್ಟಾಗಿ ಬರುವುದಿಲ್ಲ. ಆದರೆ ಆ ವಾಕ್ಯದ ನಡುವೆ ಇದ್ದ "ಸುಮಾರು" ಸ್ಪಷ್ಟವಾಗಿ ಕೇಳಿತು, ಅದು ಯಾವ ಸುಮಾರು ಎಂಬುದೂ.

ಕಾರ್ಯಕ್ರಮ ಮುಗಿದು ಚಾ ಕೊಡುವಾಗ ಮಾಮ ನೇರ ನನ್ನ ಹತ್ತಿರ ಬಂದರು. ಪಕ್ಕದಲ್ಲಿ ಹುಡುಗಿ, ಮುಖ ಬಿಳುಚಿಕೊಂಡಿತ್ತು.

"ಉಪಕಾರ ಆಯ್ತು ಟೀಚರ್ರೇ," ಎಂದರು, ನಿಜವಾದ ವಿನಯದಿಂದ. "ಇದ್ದದ್ದು ಇದ್ದ ಹಾಗೆ ಹೇಳಿದ್ರಿ. ಇನ್ನು ಇವಳಿಗೂ ಬೇಜಾರಿಲ್ಲ. ಆರ್ಟ್ಸಿಗೆ ಸೇರಿಸ್ತೇವೆ."

ಅಯ್ಯೋ, ಅದು ಆ ಸುಮಾರಲ್ಲ, ಎಂದೆ. ಮತ್ತೆ ಯಾವ ಸುಮಾರು ಎಂದು ಕೇಳಿದರು. ಒಳ್ಳೆಯ ಸುಮಾರು, ಎಂದೆ. ಒಳ್ಳೆಯದಾದರೆ ಒಳ್ಳೆಯದು ಎಂದೇ ಹೇಳಬಹುದಿತ್ತಲ್ಲ ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ನಾನು ಹಲಸಿನ ಹಣ್ಣಿನಿಂದ ಸುರು ಮಾಡಿದೆ. ಸೊಳೆ ಎಂದೆ, ತೊಟ್ಟು ಎಂದೆ, ಬಸ್ಸಿನ ಸೀಟು ಎಂದೆ. ಹೇಳಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚುತ್ತಾ ಹೋಯಿತು. ಕೊನೆಕೊನೆಗೆ ಅದು ಹುಡುಗಿಯ ಮೇಲಿನದ್ದಲ್ಲ, ನನ್ನ ಮೇಲಿನದ್ದು. ಅಕ್ಕ ಚಾದ ಲೋಟ ನನ್ನ ಕೈಗೆ ಕೊಟ್ಟು, "ನೀವು ಸ್ವಲ್ಪ ಸುಮ್ಮನಿರಿ ಮಾರಾಯ್ತಿ," ಎಂದರು.

ಆಗ ಹುಡುಗಿ ಮಾತಾಡಿದಳು. ನನಗೂ ಅರ್ಥವಾಗಲಿ ಎಂದೋ ಏನೋ, ಕನ್ನಡದಲ್ಲೇ.

"ಮಾಮ, ಅಂಗಡಿಗೆ ಬಂದವರು ಮನೆಗೆ ಎಷ್ಟು ಪೈಂಟ್ ಬೇಕು ಕೇಳಿದ್ರೆ ನೀವು ಎಂತ ಹೇಳುದು?"

"ಸುಮಾರು ಇಷ್ಟು ಬೇಕಾದೀತು ಹೇಳುದು."

"ಅದೇ ಸುಮಾರು ಟೀಚರ್ ಹೇಳಿದ್ದು."

ಒಂದು ಮನೆಯ ಮುಂದೆ ನಿಂತು, ಅಳತೆಪಟ್ಟಿ ಮುಟ್ಟದೆ ಇಷ್ಟು ಬಕೆಟ್ ಎಂದು ಹೇಳಿಬಿಡುವುದು ಮಾಮನ ದೊಡ್ಡ ಹೆಮ್ಮೆ ಎಂದು ಆಮೇಲೆ ಹುಡುಗಿ ನನಗೆ ಹೇಳಿದಳು. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತಂತೆ. ಈಗ ಅವರು ತಲೆ ಎತ್ತಿ ಹಾಲನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು.

"ಹಾಗಾದ್ರೆ ಹೇಳು. ಈ ಹಾಲಿಗೆ ಎಷ್ಟು?"

ಹಂಚು ಎಣಿಸಿದ್ದೆವು, ಸೌಟು ಎಣಿಸಿದ್ದೆವು, ಗೋಡೆಯ ಕಡೆ ಮಾತ್ರ ಯಾರೂ ನೋಡಿರಲಿಲ್ಲ. ಹುಡುಗಿ ಅವಸರ ಮಾಡಲಿಲ್ಲ.

"ಒಂದು ಕೋಟ್ ಹೊಡಿಯುದಾ, ಎರಡು ಕೋಟಾ?" ಎಂದು ಕೇಳಿದಳು.

ಮಾಮನ ಹುಬ್ಬು ಮೇಲೆ ಹೋಯಿತು. ಎರಡು, ಎಂದರು. ಅವಳು ಬಾಗಿಲಿನಿಂದ ಮೊದಲ ಕಂಬದವರೆಗೆ ಒಮ್ಮೆ ನೋಡಿದಳು, ಅಂಥ ತುಂಡುಗಳು ಎಷ್ಟು ಎಂದು ಬೆರಳು ಮಡಚಿದಳು.

"ದೊಡ್ಡ ಬಕೆಟ್ ಒಂದು. ಮತ್ತೆ ಸುಮಾರು ಅರ್ಧ."

"ಎರಡು ಬೇಕು," ಎಂದರು ಮಾಮ. "ಅನುಭವ ಉಂಟು ನಂಗೆ."

"ಆ ಬದಿ ಗೋಡೆಯಲ್ಲಿ ಅರ್ಧ ಕಿಟಕಿಯೇ ಇರುದು ಮಾಮ. ಕಿಟಕಿಗೂ ಪೈಂಟ್ ಮಾರುದಾ ನೀವು?"

ಮೊಬೈಲಿನೊಳಗಿಂದ ದೊಡ್ಡದೊಂದು ನಗು ಕೇಳಿತು. ಗಲ್ಫಿನವರು ಇನ್ನೂ ಲೈನಿನಲ್ಲೇ ಇದ್ದಾರೆ ಎಂಬುದನ್ನು ನಾವೆಲ್ಲ ಮರೆತಿದ್ದೆವು. ಮಾಮ ಮೊಬೈಲನ್ನು ತಿರುಗಿಸಿ ಹಿಡಿದರು. ಉಪ್ಪ ಏನೋ ಹೇಳಿದರು, ಮಾಮ ಏನೋ ಹೇಳಿದರು, ಹುಡುಗಿಯ ಮುಖಕ್ಕೆ ಬಣ್ಣ ವಾಪಸು ಬಂತು. ಅಷ್ಟರಿಂದ ನನಗೂ ಅರ್ಥವಾಯಿತು. ಆದರೂ ಖಾತ್ರಿಗೆ ಇರಲಿ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಮಾಮ, "ಸಯನ್ಸಿಗೇ ಟೀಚರ್ರೇ, ನಿಮ್ಮ ಸುಮಾರು ಸಾಕು ಇನ್ನು," ಎಂದು ಕೈ ಮುಗಿದರು.

ಆದರೆ ಎರಡು ಬಕೆಟಿನ ಮಾತನ್ನು ಅವರು ಬಿಟ್ಟುಕೊಡಲಿಲ್ಲ. ಮಳೆ ಹಿಡಿಯುವ ಮೊದಲು ಆ ಹಾಲಿಗೆ ತನ್ನ ಲೆಕ್ಕದಲ್ಲೇ ಪೈಂಟ್ ಕೊಡಿಸಿದರು, ದೊಡ್ಡ ಬಕೆಟ್ ಎರಡು. ಧರ್ಮಕ್ಕೆ ಕೊಟ್ಟದ್ದೋ ಹಠಕ್ಕೆ ಕೊಟ್ಟದ್ದೋ ಗೊತ್ತಿಲ್ಲ. ಅರ್ಧ ಬಕೆಟಿಗಿಂತ ಸ್ವಲ್ಪ ಕಮ್ಮಿ ಉಳಿದಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದರು. ಅದನ್ನು ಮಾಮನಿಗೆ ಹೇಳಬೇಡಿ ಎಂದು ನಾನು ಬೇಡಿಕೊಂಡೆ. "ಹೇಳಿ ಆಯ್ತು," ಎಂದರು ಅಕ್ಕ.

ಜುಲೈಯಲ್ಲಿ ಒಂದು ಸಂಜೆ ಅಕ್ಕನ ಮನೆಗೆಂದು ಸುಳ್ಯದಲ್ಲಿ ಬಸ್ಸು ಹತ್ತಿದೆ. ಉಸಿರಾಡಲು ಜಾಗವಿರಲಿಲ್ಲ. ಹಿಂದಿನಿಂದ ಯಾರೋ ಟೀಚರ್ ಎಂದು ಕರೆದು ಕೈ ಹಿಡಿದು ಎಳೆದರು. ಕಲ್ಲುಗುಂಡಿಯವಳು. ಕಾಲೇಜಿನ ಯೂನಿಫಾರ್ಮು, ಬೆನ್ನಿಗೆ ನನಗಿಂತ ದಪ್ಪದ ಚೀಲ. ಗಣಿತ ಹೇಗುಂಟು ಎಂದು ಕೇಳಲು ಬಾಯಿ ತೆರೆದೆ. ಉತ್ತರ ಯಾವ ಪದವಾಗಿರಬಹುದು ಎಂದು ನೆನೆದು ಮುಚ್ಚಿದೆ. ಅವಳು ನನ್ನನ್ನು ಒಂದು ಸೀಟಿನ ಪಕ್ಕ ತಂದು ನಿಲ್ಲಿಸಿದಳು. ಅಲ್ಲೊಬ್ಬರು ಹಿರಿಯರು ಕೊಡೆ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು.

"ಇಲ್ಲಿ ನಿಲ್ಲಿ ಟೀಚರ್. ಇವರು ಪೆರಾಜೆಯಲ್ಲಿ ಇಳೀತಾರೆ."

"ಖಂಡಿತವಾ?"

"ಸುಮಾರು ಖಂಡಿತ."

ಅರಂತೋಡಿಗೆ ಮೊದಲು ಸಿಗುವ ಪೆರಾಜೆ ಬಂತು. ಹಿರಿಯರು ಕಣ್ಣು ಬಿಟ್ಟು, ಹೊರಗೆ ನೋಡಿ, ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ, ಮತ್ತೆ ನಿದ್ದೆಗೆ ಹೋದರು. ಅರಂತೋಡಿನವರೆಗೂ ನಾನು ನಿಂತೇ ಇದ್ದೆ. ಇಳಿಯಲು ಬಾಗಿಲಿನ ಕಡೆ ತಳ್ಳಿಕೊಂಡು ಹೋಗುವಾಗ ತಿರುಗಿ ನೋಡಿದರೆ, ಹಿರಿಯರೂ ಎದ್ದು ನನ್ನ ಹಿಂದೆಯೇ ಬರುತ್ತಿದ್ದರು. ಆ ಸೀಟಿನಲ್ಲಿ ಹುಡುಗಿ ಆಗಲೇ ಕೂತಾಗಿತ್ತು.

"ಹತ್ತಿರ ಬಂದಿತ್ತಲ್ಲ ಟೀಚರ್," ಎಂದು ಅಲ್ಲಿಂದಲೇ ಹೇಳಿದಳು.