ಗಂಗಮ್ಮ ಬಿದ್ದ ಗುಂಡಿ

ಗೆಳೆಯರೇ, ಇವತ್ತು ಹಿರಿಯೂರಿನ ಮುನಸೀಫ್ ಕೋರ್ಟಿನಲ್ಲಿ ವಕೀಲನಾಗಿ ನನ್ನ ಮೊದಲ ದಾವೆ ಗೆದ್ದೆ. ಇನ್ನೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ನನ್ನ ಕಕ್ಷಿಗಾರ್ತಿ ಕಂಬಳಿ ನೇಯುವ ಗಂಗಮ್ಮ. ಸಾಹುಕಾರ ರುದ್ರಪ್ಪ ಗೋಡೆಯ ಮಣ್ಣಿಗೆಂದು ಬಾವಿಯ ದಾರಿಯಲ್ಲೇ ಗುಂಡಿ ತೋಡಿಸಿ ಹಾಗೇ ಬಿಟ್ಟಿದ್ದ. ಮುಸ್ಸಂಜೆ ನೀರಿಗೆ ಹೊರಟ ಗಂಗಮ್ಮ ಅದರೊಳಗೆ ಬಿದ್ದು ಕಾಲು ಮುರಿದುಕೊಂಡಳು. ಈಗ ಮಗ್ಗದ ಮುಂದೆ ಕೂರಲೂ ಆಗುತ್ತಿಲ್ಲ.

"ಆಯಮ್ಮ ನಂಗೆ ನೆಂಟಳಾ, ಆಳಾ? ಆಕೆ ಕಾಲು ನಾನ್ಯಾಕ್ರಿ ಕಾಯ್ಲಿ?" ಎಂದ ಕಟಕಟೆಯಲ್ಲಿ ನಿಂತ ರುದ್ರಪ್ಪ. ನಾನು ಕಾನೂನು ಪುಸ್ತಕದ ಹಾಳೆ ತಿರುವತೊಡಗಿದೆ.

ಮುನಸೀಫರು ಮೆಲ್ಲಗೆ ಕೇಳಿದರು: "ಅಲ್ಲಿ ಯಾರಾದರೂ ಬಿದ್ದಾರು ಎಂದು ನಿಮಗೆ ಅನ್ನಿಸಲಿಲ್ಲವೆ?"

"ಅನ್ನಿಸದೆ ಏನು ಸ್ವಾಮಿ! ಅದಕ್ಕೇ ನಮ್ಮ ಎಮ್ಮೇನ ಆ ಕಡೆ ಬಿಡಬ್ಯಾಡ್ರಲೇ ಅಂತ ಆಳುಗಳಿಗೆ ಹೇಳಿದ್ದೆ!"

ಕೋರ್ಟೆಲ್ಲ ಗೊಳ್ಳೆಂದಿತು. ಮುನಸೀಫರೂ ನಕ್ಕರು. "ಎಮ್ಮೆ ಬಿದ್ದೀತೆಂದು ಹೊಳೆದ ಮೇಲೆ, ಆ ದಾರಿಯಲ್ಲಿ ನಡೆಯುವವರ ಬಗ್ಗೆಯೂ ಎಚ್ಚರ ವಹಿಸುವುದು ನಿಮ್ಮ ಹೊಣೆ. ಅವರು ನೆಂಟರೇ ಆಗಬೇಕಿಲ್ಲ" ಎಂದರು. ಕಾಲು ವಾಸಿಯಾಗುವವರೆಗೆ ಗಂಗಮ್ಮನ ಮನೆಯ ಖರ್ಚು ರುದ್ರಪ್ಪನದೇ ಎಂದು ತೀರ್ಪಾಯಿತು.

ಹೊರಗೆ ಗಂಗಮ್ಮ ಕೋಲೂರಿ ನಿಂತು, "ನೀವು ಮಾತೇ ಆಡ್ಲಿಲ್ವಲ್ಲ ಸ್ವಾಮಿ, ಗೆದ್ದಿದ್ದು ಹೆಂಗೆ?" ಎಂದಳು.

ಮನೆಯಲ್ಲಿ ಮಾತ್ರ, ನನ್ನ ವಾದಕ್ಕೆ ಕೋರ್ಟೇ ನಡುಗಿತು ಎಂದಿದ್ದೇನೆ. ಯಾರಾದರೂ ಕೇಳಿದರೆ ನೀವೂ ಹಾಗೇ ಹೇಳಿ.