ಚೀಲದ ತೂಕ

ಎಂ.ಟೆಕ್‌ನಲ್ಲಿ ನಾನು ಓದಿದ್ದು ಸಣ್ಣ ವಿಮಾನಗಳ ಸುರಕ್ಷತೆ. ಅದರಲ್ಲೂ, ಯಂತ್ರ ಕೆಡುವ ಮೊದಲೇ ಮನುಷ್ಯ ಹೇಗೆ ತಪ್ಪುತ್ತಾನೆ ಎಂಬುದು. ಮನೆಯಲ್ಲಿ ಅದಕ್ಕೆ ‘ಇಮಾನದ ಓದು’ ಎನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಗದಗಿನಲ್ಲಿ ಕಾಳಿನ ವ್ಯಾಪಾರ ಮಾಡುವ ಕಾಕಾ ಮಲ್ಲಸಮುದ್ರದಲ್ಲಿ ಮನೆ ಕಟ್ಟಿಸಿದರು. ವಾಸ್ತುಶಾಂತಿಯ ದಿನ ಅಜ್ಜಿಯ ಕೈಯಿಂದಲೇ ಹೆಲಿಕಾಪ್ಟರಿನಲ್ಲಿ ಮನೆಯ ಮೇಲೆ ಹೂ ಸುರಿಸಬೇಕೆಂದು ಅವರ ಹಟ. ಹತ್ತುವವರ ತೂಕವನ್ನು ಪೈಲಟ್ ಮೊದಲೇ ಕೇಳಿದ್ದರು. ಹಿಂದಿನ ದಿನ ಅಂಗಡಿಯ ತೂಕದ ಕಾಟಾದ ಮೇಲೆ ಅಜ್ಜಿ, ಕಾಕಾ, ಅವರ ಹೆಂಡತಿ ಕಾಕು ಒಬ್ಬೊಬ್ಬರಾಗಿ ನಿಂತರು. ನಾನು ಅಂಕಿ ಓದಿದೆ, ಕಾಕಾ ಚೀಟಿ ಬರೆದರು.

ಮರುದಿನ ಬಿಸಿಲು ಜೋರಿತ್ತು. ಹೊಲದಲ್ಲಿ ಹೆಲಿಕಾಪ್ಟರ್ ಇಳಿಸಿದ ಪೈಲಟ್ ಚೀಟಿ ನೋಡಿ, “ಈ ಸೆಖೆಯಲ್ಲಿ ಇದು ಎತ್ತುವುದು ಇಷ್ಟೇ. ಇದರ ಮೇಲೆ ಒಂದು ತೆಂಗಿನಕಾಯಿಯೂ ಬೇಡ,” ಎಂದರು. ಕಾಕು ಖುಷಿಯಾಗಿ ನನ್ನ ಕಿವಿಯಲ್ಲಿ, “ಚೀಟ್ಯಾಗ ನಾ ಎಷ್ಟ್ ಸಣ್ಣ ಆಗೀನಿ ನೋಡವಾ,” ಎಂದರು. ನೋಡಿದೆ. ನಾನು ಓದಿದ್ದಕ್ಕಿಂತ ಎಲ್ಲರದೂ ಐದೈದು ಕಿಲೋ ಕಡಿಮೆ.

“ಕಾಕಾ, ಇದು ಹೆಂಗ್ರಿ?”

“ಚೀಲದ ತೂಕ ಕಳೀಬೇಕಲ್ಲವಾ! ಸೀರಿ, ಬಂಗಾರ, ರುಮಾಲು, ಎಲ್ಲಾ ಚೀಲದ ಲೆಕ್ಕ. ತೂಕ ಅಂದ್ರ ಒಳಗಿನ ಮಾಲು.”

ಅಂಗಡಿಯಲ್ಲಿ ನಲವತ್ತು ವರ್ಷ ಹಾಗೆಯೇ ತೂಗಿದ ಕೈ ಅದು, ಅದರಲ್ಲಿ ಮೋಸವಿರಲಿಲ್ಲ. ಅಷ್ಟರಲ್ಲಿ ಆಚಾರ್ಯರು, “ಮುಹೂರ್ತಕ್ಕ ಹತ್ತ ನಿಮಿಷ ಐತ್ರಿ,” ಎಂದು ಕೂಗಿದರು. ಬೀಗರೊಬ್ಬರು, “ನಮ್ಮೂರ ಟಂಟಂ ಆಟೋದಾಗ ಹದಿನಾಲ್ಕ ಮಂದಿ ಕುಂಡ್ರತಾರ, ಇದೇನ ಮಹಾ!” ಎಂದರು. ಅವಸರ, ಹಿರಿಯರ ಮಾತು, ನೆರೆದ ಜನ: ನನ್ನ ಪಠ್ಯಪುಸ್ತಕದ ಅಧ್ಯಾಯಗಳೆಲ್ಲ ಹೊಸ ಧೋತರ ಉಟ್ಟು ಹೊಲದಲ್ಲಿ ನಿಂತಿದ್ದವು. ಹಿರಿಯರೆದುರು ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂಬ ಅಧ್ಯಾಯದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಅಜ್ಜಿ ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

“ಕಾಕಾ, ಚೀಲಾನೂ ಹಾರತೈತ್ರಿ,” ಎಂದೆ. ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು.

ಪೈಲಟ್ ತಿರುಗಿ ನೋಡಿದರು. ನಾನು ನಿಜವಾದ ಅಂಕಿ ಹೇಳಿದೆ. ಅವರು ಕೂಡಿಸಿ ನೋಡಿ, “ಒಬ್ಬರು ಬಿಡಬೇಕು,” ಎಂದರು. ಎಲ್ಲರೂ ಕಾಕಾನ ಹೊಟ್ಟೆಯ ಕಡೆ ನೋಡಿದರು. ಕಾಕಾ ನನ್ನ ಕಡೆ ನೋಡಿದರು. ಆಮೇಲೆ ರುಮಾಲು ಸರಿಪಡಿಸಿಕೊಂಡು ಹಿಂದೆ ಸರಿದರು.

ಹೂವಿನಲ್ಲಿ ಅರ್ಧ ಪಕ್ಕದ ಹೊಲಕ್ಕೆ ಬಿತ್ತು. ಸುರಕ್ಷತೆಗಾಗಿ ತಾವೇ ಸ್ಥಾನ ಬಿಟ್ಟಿದ್ದಾಗಿ ಕಾಕಾ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಅಜ್ಜಿ ಮಾತ್ರ ನನ್ನನ್ನು ಹತ್ತಿರ ಕರೆದು, “ಅಂವ ಬರಲಾರದ್ದ ಚಲೋ ಆತು,” ಎಂದರು. “ಕಾಲ ಚಾಚಾಕ ಜಾಗಾ ಸಿಕ್ತು.”