ಕ್ಯಾರಿಯರ್ ಮೇಲಿನ ಮೆತ್ತೆ

ಹುಳಿಯಾರು ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ವಸೀಮ್‌ಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಸಫಾರಿ ಸೂಟು ಹೊಲಿಯುವುದರಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ, ಮಾತಿನಲ್ಲಂತೂ ತಾಲ್ಲೂಕಿನಲ್ಲೇ ಇರಲಿಲ್ಲ. ಸೈಕಲ್ ಮಾತ್ರ ಒಲಿಯಲಿಲ್ಲ. ಚಿಕ್ಕವನಿದ್ದಾಗ ಕಲಿಯಲು ಹೋಗಿ, ಕೆರೆ ಏರಿಯಿಂದ ಉರುಳಿ ಬಲಗೈ ಮುರಿದುಕೊಂಡಿದ್ದ. ಕತ್ತರಿ ಹಿಡಿಯಬೇಕಾದ ಕೈ ಎಂದು ತಾಯಿ ಮೆಹಬೂಬ್ ಬೀ ಇನ್ನು ಸೈಕಲ್ ಹೊಡೆಯುವುದಿಲ್ಲವೆಂದು ಆವತ್ತೇ ಆಣೆ ಹಾಕಿಸಿಕೊಂಡಳು. ಅದರಿಂದ ಅವನಿಗೇನೂ ನಷ್ಟವಾಗಲಿಲ್ಲ, ಯಾಕೆಂದರೆ ಜುಂಜೇಶನಿದ್ದ.

ಜುಂಜೇಶ ಊರಾಚೆಯ ಗೊಲ್ಲರಹಟ್ಟಿಯವನು. ಮನೆಯಲ್ಲಿ ಕುರಿಮಂದೆ, ಹಗಲು ಕೊಬ್ಬರಿ ಮಂಡಿಯಲ್ಲಿ ಕೆಲಸ. ಹೈಸ್ಕೂಲಿನಿಂದಲೂ ಅವನು ತುಳಿಯುವುದು, ಇವನು ಹಿಂದೆ ಕ್ಯಾರಿಯರ್ ಮೇಲೆ ಕೂರುವುದು. ಸುಮ್ಮನೆ ಕೂರುತ್ತಿದ್ದ ಎಂದುಕೊಳ್ಳಬೇಡಿ. ಏರು ಬಂದರೆ ವಸೀಮ್ ಕೂತಲ್ಲಿಂದಲೇ ಎರಡೂ ಕಾಲು ಮುಂದಕ್ಕೆ ಚಾಚಿ, ಜುಂಜೇಶನ ಪಾದದ ಹಿಂದೆ ತನ್ನ ಪಾದವಿಟ್ಟು ಪೆಡಲ್ ಒತ್ತುತ್ತಿದ್ದ. "ನಾಲ್ಕು ಕಾಲಿನ ಸೈಕಲ್ ಬಂತು ನೋಡ್ರಲಾ" ಎಂದು ಜನ ನಗುತ್ತಿದ್ದರು. ವಸೀಮ್‌ಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಕ್ಯಾರಿಯರ್ ಮೇಲೆ ಒಂದು ಕೆಂಪು ರೆಕ್ಸಿನ್ ಮೆತ್ತೆಯಿತ್ತು. ಅವನೇ ಅಳತೆ ತೆಗೆದು ಹೊಲಿದು, ತೆಂಗಿನ ನಾರು ತುಂಬಿ, ಲಾಡಿಯಿಂದ ಕಟ್ಟಿದ್ದು. ಎಷ್ಟು ವರ್ಷವಾದರೂ ಅದರ ಹೊಲಿಗೆ ಬಿಟ್ಟುಕೊಂಡಿರಲಿಲ್ಲ. "ವಸೀಮನ ಹೊಲಿಗೆ ಕಣ್ರಪ್ಪ! ನಾನು ಹೋದ್ರೂ ಅದು ಹೋಗಲ್ಲ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ಎರಡು ಪ್ಯಾಂಟಿನ ಹೊಲಿಗೆ ಹೆಚ್ಚು ಗಿಟ್ಟಿಸಿಕೊಳ್ಳುತ್ತಿದ್ದ.

ತೊಂಬತ್ತೆಂಟನೇ ಇಸವಿಯಲ್ಲಿ ಜುಂಜೇಶನ ಮದುವೆಯಾಯಿತು. ವಸೀಮ್ ಓಡಾಡಿದ, ಬಡಿಸಿದ, ಗಂಡಿನ ಶರ್ಟು ತಾನೇ ಹೊಲಿದ. ಹುಡುಗಿ ಯಮುನಾ ಕಂದಿಕೆರೆ ಕಡೆಯ ಹಟ್ಟಿಯವಳು, ಚುರುಕು. ಮದುವೆಯಿಂದ ತನಗೆ ಹೋಗುವಂಥದ್ದೇನೂ ಇಲ್ಲ ಎಂದೇ ಅವನು ತಿಳಿದಿದ್ದ. ಭಾನುವಾರದ ಸವಾರಿ ಅವನದು, ಕ್ಯಾರಿಯರ್ ಅವನದು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಎಲ್ಲರೂ ಯಮುನಾಳ ಅಣ್ಣ ಎತ್ತಪ್ಪನ ತೋಟಕ್ಕೆ ಸೈಕಲ್ ಮೇಲೆ ಹೋಗಿಬರುವುದೆಂದಾಯಿತು. ಹೊರಡಿಸಿದವನು ಬಾಡಿಗೆ ಸೈಕಲ್ ಅಂಗಡಿಯ ಇನಾಯತುಲ್ಲಾ. ವಯಸ್ಸಿನಲ್ಲಿ ಹಿರಿಯ, ಉತ್ಸಾಹದಲ್ಲಿ ಎಲ್ಲರಿಗಿಂತ ಚಿಕ್ಕವನು. ಜೊತೆಗೆ ವೆಲ್ಡಿಂಗ್ ಅಂಗಡಿಯ ರಯೀಸ್. ಬಾಡಿಗೆ ಅಂಗಡಿಯಲ್ಲಿ ಮಿಕ್ಕಿದ್ದು ಒಂದೇ ಲೇಡೀಸ್ ಸೈಕಲ್ ಆದ್ದರಿಂದ ಆ ಭಾರಿ ಆಳು ಅದನ್ನೇ ಹತ್ತಬೇಕಾಯಿತು. ಅದರ ಮೇಲೆ ಅವನನ್ನು ನೋಡಿ ನಗದವರಿಲ್ಲ.

ವಸೀಮ್ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ತಾಯಿ ಮಾಡಿಕೊಟ್ಟ ಶಾವಿಗೆಯ ಡಬ್ಬಿ ಹಿಡಿದು ಬಂದ. ತುಪ್ಪದಲ್ಲಿ ಹುರಿದ ಆ ಶಾವಿಗೆ ಎಂದರೆ ಜುಂಜೇಶ ಪ್ರಾಣ ಬಿಡುತ್ತಿದ್ದ. ಬಂದು ನೋಡಿದರೆ ಕೆಂಪು ಮೆತ್ತೆಯ ಮೇಲೆ ಯಮುನಾ ಕೂತಿದ್ದಾಳೆ.

"ಲೇ ವಸೀಮ, ನೀನು ಇನಾಯತ್ ಭಾಯ್ ಹಿಂದೆ ಕೂತ್ಕಳಲಾ," ಎಂದ ಜುಂಜೇಶ, ಅದೊಂದು ದೊಡ್ಡ ಮಾತೇ ಅಲ್ಲವೆಂಬಂತೆ.

ವಸೀಮ್‌ಗೆ ಹೊಟ್ಟೆ ಉರಿಯಿತು. ಬೇರೆ ಹೆಸರು ಹುಡುಕುವುದು ಬೇಡ, ಹೊಟ್ಟೆಯುರಿಯೇ. ಇವತ್ತು ಆ ಜಾಗ ಹೋದರೆ ಮುಂದಿನ ಭಾನುವಾರವೂ ಹೋಯಿತು, ಅದರ ಮುಂದಿನದೂ ಹೋಯಿತು ಎಂದು ಅವನಿಗೆ ಖಚಿತವಾಗಿ ಅನಿಸಿತು.

ಇನಾಯತುಲ್ಲಾನ ಕ್ಯಾರಿಯರ್ ಬರಿ ಕಬ್ಬಿಣ. ಪ್ರತಿ ಗುಂಡಿಯೂ ನೇರ ಸೊಂಟಕ್ಕೆ ಬರುತ್ತಿತ್ತು. ರಸ್ತೆಯ ಎರಡೂ ಕಡೆ ತೆಂಗಿನ ತೋಟ, ಕೆರೆಯಲ್ಲಿ ತುಂಬ ನೀರು, ಹಾಯಾದ ಬಿಸಿಲು. ಇನಾಯತುಲ್ಲಾ ಹಾಡುತ್ತಿದ್ದ, ರಯೀಸ್ ಬೆಲ್ಲು ಹೊಡೆದು ತಾಳ ಹಾಕುತ್ತಿದ್ದ. ವಸೀಮ್‌ನ ಕಣ್ಣು ಮಾತ್ರ ಮುಂದಿನ ಸೈಕಲ್ ಮೇಲೆ. ಅವಳು ಏನೋ ಹೇಳುತ್ತಾಳೆ, ಅವನು ತಲೆ ಹಿಂದಕ್ಕೆ ಹಾಕಿ ನಗುತ್ತಾನೆ. ಅಂಥ ನಗು ತನ್ನ ಮಾತಿಗೆ ಮಾತ್ರ ಬರುತ್ತದೆ ಎಂದು ವಸೀಮ್ ಇಷ್ಟು ವರ್ಷ ನಂಬಿಕೊಂಡಿದ್ದ.

ಏರು ಬಂದಾಗ ಅವನಿಗೆ ಸ್ವಲ್ಪ ಜೀವ ಬಂತು. ಯಮುನಾ ಸೀರೆಯುಟ್ಟು ಒಂದೇ ಕಡೆಗೆ ಕಾಲು ಬಿಟ್ಟು ಕೂತವಳು, ಪೆಡಲ್ ತುಳಿಯುವ ಹಾಗಿಲ್ಲ. ಜುಂಜೇಶ ಎದ್ದು ನಿಂತು ತುಳಿದ, ಬೆನ್ನೆಲ್ಲ ಬೆವರು. 'ಈಗ ನೆನೆಸ್ಕ ನನ್ನ ಬೆಲೆನ' ಎಂದು ವಸೀಮ್ ಒಳಗೊಳಗೇ ಹಿಗ್ಗಿದ. ಆದರೆ ಅರ್ಧ ಏರಿನಲ್ಲಿ ಗಂಡಹೆಂಡಿರು ಕೆಳಗಿಳಿದು ಸೈಕಲ್ ತಳ್ಳುತ್ತಾ, ಮಾತಾಡುತ್ತಾ ನಡೆದರು. ಅದು ಸವಾರಿಗಿಂತ ಸುಖವಾಗಿ ಕಂಡಿತು. ಹಿಗ್ಗು ಅಲ್ಲೇ ಇಳಿದುಹೋಯಿತು.

ತೋಟದಲ್ಲಿ ಎತ್ತಪ್ಪ ಎಳನೀರು ಕೆಡವಿದ. ಊಟಕ್ಕೆ ಕೂತಾಗ ಯಮುನಾ ಕಾಯಿಹೋಳಿಗೆ ಬಿಚ್ಚಿದಳು. ಜುಂಜೇಶ ಒಂದು ತಿಂದ, ಎರಡು ತಿಂದ. ಶಾವಿಗೆ ಡಬ್ಬಿ ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ಅಮ್ಮ ನಿಂಗೇಂತ ಮಾಡವ್ಳೆ ಕಣ್ಲಾ," ಎಂದ ವಸೀಮ್.

"ಹೊಟ್ಟೆ ತುಂಬೋಯ್ತು ಕಣ್ಲಾ, ರಯೀಸ್‌ಗೆ ಕೊಡು ಬುಡು!"

ರಯೀಸ್ ಡಬ್ಬಿಯನ್ನು ತಳದವರೆಗೂ ಬಳಿದು, ತೆಂಗಿನ ಮರದ ಬುಡದಲ್ಲಿ ಉರುಳಿಕೊಂಡ. ಮಿಕ್ಕವರು ಕಾಲುವೆ ನೋಡಲು ಹೋದರು. ವಸೀಮ್ ಹೋಗಲಿಲ್ಲ. ಸೈಕಲ್‌ಗಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

ತಪ್ಪಿದ ಹೊಲಿಗೆ ಬಿಚ್ಚಲು ಟೈಲರ್‌ಗಳು ಅರ್ಧ ಬ್ಲೇಡು ಇಟ್ಟುಕೊಳ್ಳುತ್ತಾರಲ್ಲ, ಅದು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಒಂದು ಪಕ್ಕ ಬಿಚ್ಚಿದರೆ ಸಾಕು, ದಾರಿಯಲ್ಲಿ ನಾರೆಲ್ಲ ಉದುರುತ್ತದೆ, ಅವಳು ಕಬ್ಬಿಣದ ಮೇಲೆ ಹುಳಿಯಾರಿನವರೆಗೆ ಕುಕ್ಕಿಕೊಂಡು ಬರುತ್ತಾಳೆ, ಮತ್ತೆಂದೂ ಸೈಕಲ್ ಹತ್ತುವುದಿಲ್ಲ. ಲೆಕ್ಕ ಅಷ್ಟೇ. ಮೆತ್ತೆಯ ಲಾಡಿ ಬಿಚ್ಚಿ ಮಗುಚಿ ಬ್ಲೇಡು ಎಳೆದ.

ಹೊರಗೆ ಬಂದದ್ದು ನಾರಲ್ಲ. ಬೆಳ್ಳಗೆ, ಮೆತ್ತಗೆ, ಕುರಿಯ ಉಣ್ಣೆ.

ಆಗ ಅವನು ಹೊಲಿಗೆಯನ್ನು ಸರಿಯಾಗಿ ನೋಡಿದ. ಕೆಳಗಿನ ಅಂಚಿನಲ್ಲಿ ಅವನ ದಾರ ಒಂದೆಳೆಯೂ ಉಳಿದಿರಲಿಲ್ಲ. ದಪ್ಪ ಕರಿಯ ಉಣ್ಣೆದಾರ, ಚೀಲ ಹೊಲಿಯುವ ದಬ್ಬಳದಲ್ಲಿ ಹಾಕಿದ ಸೊಟ್ಟಪಟ್ಟ ಹೊಲಿಗೆ. ಎರಡು ವರ್ಷದ ಹಿಂದೆ ಅವನಿಗೆ ಕೂರುವ ಜಾಗದಲ್ಲಿ ಕುರು ಎದ್ದು, "ಸತ್ತೆ ಕಣ್ಲಾ" ಎಂದು ಒಂದು ವಾರ ನರಳಿದ್ದ. ಆಮೇಲೆ ಮೆತ್ತೆ ಎಷ್ಟು ಹಿತವಾಗಿದೆ ಎಂದು ತನ್ನ ಕೈಗುಣವನ್ನೇ ಹೊಗಳಿಕೊಂಡಿದ್ದ. ಜುಂಜೇಶ ಹೂಂಗುಟ್ಟಿದ್ದನೇ ಹೊರತು ತಾನು ಉಣ್ಣೆ ತುಂಬಿದ್ದನ್ನು ಹೇಳಿರಲಿಲ್ಲ.

ವಸೀಮ್‌ಗೆ ನಾಚಿಕೆಯಾಯಿತು. ಆದರೆ ಹೊಟ್ಟೆಯುರಿ ಆರಿತೇ? ಇನ್ನೂ ಹೆಚ್ಚಾಯಿತು. ತನಗಾಗಿ ತುಂಬಿದ ಉಣ್ಣೆಯ ಮೇಲೆ ಬೇರೆಯವರು ಕೂತು ಬಂದರಲ್ಲ!

"ಬಿಟ್ಕಂಡಿತ್ತಾ ಅಣ್ಣ?"

ಹಿಂದೆ ಯಮುನಾ ನಿಂತಿದ್ದಳು. ಅವಳ ಕಣ್ಣು ಉಣ್ಣೆಯ ಮೇಲೆ ಹೋಗಿ, ಅಲ್ಲಿಂದ ಬ್ಲೇಡಿನ ಮೇಲೆ ಬಂದು ನಿಂತಿತು.

"ಹೂಂ ಕಣಮ್ಮ, ಹಳೇದಲ್ವಾ..." ವಸೀಮ್ ಉಣ್ಣೆಯನ್ನು ಬೆರಳಿನಿಂದ ಒಳಕ್ಕೆ ತುರುಕತೊಡಗಿದ.

ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ ಅವನ ಕೈಗಿಟ್ಟಳು. "ಬೆಳಿಗ್ಗೆ ಕೂರುಸ್ವಾಗ್ಲೇ ಅವ್ರು ಹೇಳಿದ್ರು, ಹುಷಾರಾಗಿ ಕೂತ್ಕ, ಇದು ವಸೀಮಂದು ಅಂತ. ನಿಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ನಾನು."

ವಸೀಮ್ ಪಿನ್ನು ಹಾಕಿ, ಲಾಡಿ ಮತ್ತೆ ಕಟ್ಟಿದ. ಅವಸರದಲ್ಲಿ ಒಂದು ಪಿನ್ನು ಸರಿಯಾಗಿ ಕೂರಲಿಲ್ಲ.

ಹೊರಡುವ ಹೊತ್ತಿಗೆ ರಯೀಸ್‌ಗೆ ಕಾಲು ಹಿಡಿದುಕೊಂಡಿತ್ತು. ತುಳಿಯಲು ಆಗುವುದಿಲ್ಲವೆಂದು ಇನಾಯತುಲ್ಲಾನ ಕ್ಯಾರಿಯರ್ ಮೇಲೆ ಹೇರಿಕೊಂಡ. ಯಮುನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಲೇಡೀಸ್ ಸೈಕಲ್ ಹಿಡಿದಳು.

"ನಿಂಗೆ ಬತ್ತದೇನೇ?" ಜುಂಜೇಶನ ಬಾಯಿ ತೆರೆದಂತೆಯೇ ಉಳಿಯಿತು.

"ಕಂದಿಕೆರೆ ಸ್ಕೂಲಿಗೆ ನಾನೇನು ಹಾರ್ಕೊಂಡು ಹೋಗ್ತಿದ್ನಾ?" ಎಂದವಳು ವಸೀಮ್ ಕಡೆ ತಿರುಗಿದಳು. "ನೀವು ನಿಮ್ಮ ಜಾಗದಾಗೆ ಕೂತ್ಕಳಿ ಅಣ್ಣ. ಪಿನ್ನು ಚುಚ್ಚಿದ್ರೆ ಹಾಕ್ದೋರಿಗೇ ಚುಚ್ಲಿ." ನಕ್ಕು, ಬೆಲ್ಲು ಹೊಡೆದು ಹೊರಟೇಬಿಟ್ಟಳು.

ವಸೀಮ್ ತನ್ನ ಜಾಗದಲ್ಲಿ ಕೂತ. ಬೆಳಿಗ್ಗೆಯಿಂದ ಬೇಕೆಂದಿದ್ದು ಸಿಕ್ಕಿತ್ತು. ಜುಂಜೇಶನ ಬೆನ್ನು ಕಣ್ಣ ಮುಂದೆಯೇ ಇತ್ತು. ಊರವರ ಸುದ್ದಿಯೊಂದನ್ನು ರಂಗಾಗಿ ಶುರುಮಾಡಿದ. ಜುಂಜೇಶ "ಹೂಂ" ಎಂದ, ಇನ್ನೊಮ್ಮೆ "ಹೂಂ" ಎಂದ. ಅವನ ಕಣ್ಣು ದೂರದ ತಿರುವಿನ ಮೇಲಿತ್ತು. ಅಲ್ಲಿ ಹಸಿರು ಸೀರೆ ಒಮ್ಮೆ ಕಂಡು ತೆಂಗಿನ ಮರಗಳ ಹಿಂದೆ ಮರೆಯಾಯಿತು.

"ಲೇ, ಏನ್ ಓಡುಸ್ತಾಳ್ಲಾ ಅವ್ಳು! ನೋಡ್ದಾ? ನಂಗೆ ಒಂದಿನಾನೂ ಹೇಳಿಲ್ಲ ಕಣ್ಲಾ!" ಅವನ ದನಿಯಲ್ಲಿ ಇದ್ದಂಥ ಹೆಮ್ಮೆಯನ್ನು ವಸೀಮ್ ಯಾವ ಸಫಾರಿ ಹೊಲಿದುಕೊಟ್ಟಾಗಲೂ ಕೇಳಿರಲಿಲ್ಲ.

ಏರು ಬಂತು. ಜುಂಜೇಶ ಏದುಸಿರು ಬಿಡುತ್ತಾ ಕೂಗಿದ: "ಸುಮ್ನೆ ಕೂತಿದ್ದೀಯಲ್ಲೋ, ತುಳಿಯಲಾ! ಅವ್ಳು ಮುಂದೆ ಹೊಂಟೋಯ್ತಾಳೆ!"

ಸರಿಯಾಗಿ ಕೂರದ ಆ ಒಂದು ಪಿನ್ನು ಬಿಚ್ಚಿಕೊಂಡು ಚುಚ್ಚಿತು. ವಸೀಮ್ ಹಲ್ಲು ಕಚ್ಚಿ, ಎರಡೂ ಕಾಲು ಮುಂದಕ್ಕೆ ಚಾಚಿ, ಗೆಳೆಯ ತನ್ನ ಹೆಂಡತಿಯನ್ನು ಬೇಗ ಸೇರಿಕೊಳ್ಳಲೆಂದು ಜೋರಾಗಿ ಪೆಡಲ್ ತುಳಿಯತೊಡಗಿದ.